ಹಳೆಯ ಪ್ರೋಗ್ರಾಮು, ನಿಂತುಹೋದ ಉಪಕರಣ: ಸಂಘದ ಲೆಕ್ಕವನ್ನು ಕಾಪಾಡುವ ಬಗೆ



ಪುತ್ತೂರು, ಸುಳ್ಯ, ಕಡಬದ ಯಾವ ಸಹಕಾರಿ ಸಂಘದ ಕಚೇರಿಗೆ ಹೋದರೂ ಈಗ ಲೆಡ್ಜರಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಂಪ್ಯೂಟರು. ಅಡಿಕೆ ತೂಗಿದ ಕೂಡಲೇ ಹೊಸತು, ಹಳತು, ಪಟೋರ, ಕರಿಗೋಟು ಎಂದು ಬೇರೆ ಬೇರೆ ದರದಲ್ಲಿ ಬಿಲ್ಲು ಬರುತ್ತದೆ. ಸಾಲದ ಬಡ್ಡಿ, ಪಾಲು ಹಣ, ಠೇವಣಿ ಎಲ್ಲವೂ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಆದರೆ ಈ ಕೆಲಸ ಮಾಡುವ ಪ್ರೋಗ್ರಾಮು ಎಷ್ಟು ವರ್ಷ ಹಳತು, ಅದನ್ನು ತಯಾರಿಸಿದ ಉಪಕರಣ ಈಗಲೂ ಉಂಟೋ ಎಂದು ಮಹಾಸಭೆಯಲ್ಲಿ ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದು. ಕಾಯಿ ಕೊಯ್ದು, ಒಣಗಿಸಿ, ಸುಲಿದು ಗಳಿಸಿದ ಹಣದ ಲೆಕ್ಕ ಅದರೊಳಗೆ ಇದೆ.

ಮದ್ದು ಬಿಡುವ ಪಂಪಿನ ಉದಾಹರಣೆ ತೆಗೆದುಕೊಳ್ಳೋಣ. ಪಂಪು ಸರಿಯಾಗಿಯೇ ಇದೆ, ಆದರೆ ಅದರ ಭಾಗಗಳನ್ನು ಎರಕ ಹೊಯ್ಯುವ ಅಚ್ಚನ್ನು ಕಾರ್ಖಾನೆಯವರು ಎಸೆದಿದ್ದಾರೆ. ಇದ್ದ ಹಾಗೆ ಓಡುವಷ್ಟು ದಿನ ಚಿಂತೆ ಇಲ್ಲ. ಒಂದು ಭಾಗ ಬದಲಿಸಬೇಕಾಗಿ ಬಂದ ದಿನ ಕಷ್ಟ. ಸಾಫ್ಟ್‌ವೇರಿನಲ್ಲಿಯೂ ಹೀಗೆಯೇ. ಪ್ರೋಗ್ರಾಮು ಬೇರೆ, ಅದನ್ನು ಬರೆದು ಕಟ್ಟುವ ಉಪಕರಣ ಬೇರೆ. ಎರಡನೆಯದು ನಿಂತುಹೋದರೂ ಮೊದಲನೆಯದು ಓಡುತ್ತಲೇ ಇರುತ್ತದೆ. ಆದುದರಿಂದಲೇ ನಾವು ಎಚ್ಚರ ತಪ್ಪುವುದು.

ಉಪಕರಣ ನಿಂತ ಬಗೆ

ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಸಣ್ಣ ಕಚೇರಿಗಳಲ್ಲಿ ಲೆಕ್ಕದ ಪ್ರೋಗ್ರಾಮು ಬರೆಯಲು ಬಹಳವಾಗಿ ಬಳಕೆಯಾದ ಉಪಕರಣಗಳಲ್ಲಿ ಫಾಕ್ಸ್‌ಪ್ರೋ ಒಂದು. ಅಮೆರಿಕದ ಫಾಕ್ಸ್ ಸಾಫ್ಟ್‌ವೇರ್ ಎಂಬ ಕಂಪೆನಿಯ ಈ ಉಪಕರಣವನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಕಪ್ಪು ಪರದೆಯ ಡಾಸ್ ಕಾಲಕ್ಕೆ ಬಂದ ಕೊನೆಯ ಆವೃತ್ತಿ 1994ರ 2.6. ಅನಂತರದ ವಿಶುವಲ್ ಫಾಕ್ಸ್‌ಪ್ರೋದ ಒಂಬತ್ತನೆಯ ಆವೃತ್ತಿ 2004ರಲ್ಲಿ ಹೊರಬಂತು. ಹತ್ತನೆಯದು ಬರುವುದಿಲ್ಲವೆಂದು 2007ರ ಮಾರ್ಚಿನಲ್ಲಿ ಕಂಪೆನಿ ಸಾರಿತು; 2015ರ ಜನವರಿ 13ಕ್ಕೆ ಅದರ ಬೆಂಬಲವೂ ಮುಗಿಯಿತು. 1998ರ ವಿಶುವಲ್ ಬೇಸಿಕ್ 6 ಎಂಬ ಇನ್ನೊಂದು ಉಪಕರಣದ ಬೆಂಬಲ 2008ರ ಏಪ್ರಿಲ್ 8ಕ್ಕೆ ನಿಂತಿತು. ಆದರೆ ಅದರಲ್ಲಿ ಕಟ್ಟಿದ ಪ್ರೋಗ್ರಾಮು ಓಡಲು ಬೇಕಾದ ಮುಖ್ಯ ಕಡತಗಳು ಇಂದಿಗೂ ವಿಂಡೋಸಿನ ಜತೆಗೇ ಬರುತ್ತವೆ. ಎರಡೂ ಸಂದರ್ಭಗಳಲ್ಲಿ ಹಲವು ದೇಶಗಳ ಪ್ರೋಗ್ರಾಮು ಬರೆಯುವವರು ಮನವಿ ಸಲ್ಲಿಸಿದರು, ಸಹಿ ಸಂಗ್ರಹಿಸಿದರು. ಕಂಪೆನಿ ನಿರ್ಧಾರ ಬದಲಿಸಲಿಲ್ಲ.

ಸವೆಯದ ಯಂತ್ರ ಕೆಡುವುದು ಹೇಗೆ?

ಪಂಪಿನ ವಾಶರಿನಂತೆ ಪ್ರೋಗ್ರಾಮು ಸವೆಯುವುದಿಲ್ಲ. ಅದರ ಸುತ್ತಲಿನ ಪ್ರಪಂಚ ಬದಲಾಗುತ್ತದೆ. ನಮ್ಮ ಜಿಲ್ಲೆಯ ಅನುಭವವನ್ನೇ ನೋಡೋಣ.

2017ರ ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂತು. ಖರೀದಿ ಬಿಲ್ಲಿನ ಸ್ವರೂಪವೇ ಬೇರೆಯಾಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರೂ ಕರಾವಳಿಯಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳು, ನಮ್ಮ ಬೆಳೆಗಾರರ ಖಾತೆಗಳು ಧಾರಾಳವಾಗಿ ಇದ್ದ ಬ್ಯಾಂಕುಗಳು. ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿ ಸಂಕೇತಗಳು ಬದಲಾದುವು. ಕಳೆದ ದಶಕದ ಕೊನೆಗೆ ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ಪ್ರತ್ಯೇಕ ತಾಲೂಕಾಯಿತು. ತಾಲೂಕಿನ ಹೆಸರನ್ನು ಪ್ರತ್ಯೇಕ ಪಟ್ಟಿಯಲ್ಲಿ ಇಡದೆ ಪ್ರೋಗ್ರಾಮಿನೊಳಗೇ ಬರೆದಿದ್ದರೆ, ಆ ಒಂದು ಪದ ಬದಲಿಸಲು ಮೂಲ ಬರಹವೂ ಬೇಕು, ಹಳೆಯ ಉಪಕರಣವೂ ಬೇಕು. ಎರಡೂ ಇಲ್ಲದಿದ್ದರೆ ಕಡಬದ ಸದಸ್ಯ ಕಾಗದದ ಮೇಲೆ ಪುತ್ತೂರು ತಾಲೂಕಿನವನಾಗಿಯೇ ಉಳಿಯುತ್ತಾನೆ.

ಯಂತ್ರದ ಕಡೆಯ ಬದಲಾವಣೆ ಇನ್ನೊಂದು. ಡಾಸ್ ಕಾಲದ ಪ್ರೋಗ್ರಾಮು 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ಅದಕ್ಕೆ ಅವಕಾಶವಿದ್ದ 32 ಬಿಟ್ಟಿನ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದುದರಿಂದ ಸಿಡಿಲಿಗೆ ಸುಟ್ಟುಹೋದ ಹಳೆಯ ಕಂಪ್ಯೂಟರಿನ ಬದಲಿಗೆ ಹೊಸತು ತಂದ ದಿನವೇ ಪ್ರೋಗ್ರಾಮು ತೆರೆಯದೆ ನಿಲ್ಲಬಹುದು. ನಮ್ಮ ಊರಿನ ಏಪ್ರಿಲ್, ಮೇ ತಿಂಗಳ ಸಿಡಿಲನ್ನು ನಾವು ಯಾರೂ ಮರೆಯುವಂತಿಲ್ಲ. ವಿಶುವಲ್ ಫಾಕ್ಸ್‌ಪ್ರೋದಲ್ಲಿ ಕಟ್ಟಿದ್ದು ಮಾತ್ರ ಹೊಸ ಯಂತ್ರದಲ್ಲಿಯೂ ಸಾಮಾನ್ಯವಾಗಿ ಓಡುತ್ತದೆ. ಹೀಗಾಗಿ ತನ್ನಲ್ಲಿ ಇರುವುದು ಯಾವುದು ಎಂಬುದನ್ನು ಸಂಘ ಮೊದಲು ತಿಳಿದಿರಬೇಕು.

ಕನ್ನಡ ಅಕ್ಷರದ ತೊಡಕು

ನಮಗೆ ಇನ್ನೊಂದು ಹೆಚ್ಚಿನ ತೊಡಕು ಇದೆ. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಮಾಡುತ್ತಿದ್ದವು. ಫಾಂಟು ಇದ್ದರೆ ಕನ್ನಡ; ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಈಗಿನ ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಯಾವ ಯಂತ್ರದಲ್ಲಿಯೂ ಓದಬಹುದು, ಅಕಾರಾದಿಯಾಗಿ ಜೋಡಿಸಬಹುದು.

ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸೌಲಭ್ಯ ಉಂಟು. ಆದರೆ ಅರ್ಕಾವತ್ತಿನಲ್ಲಿ ಎಚ್ಚರ ಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು. ಪರಿವರ್ತಕ ಈ ಕ್ರಮವನ್ನು ಸರಿಪಡಿಸದಿದ್ದರೆ ಸರ್ವೆ, ಆರ್ಯಾಪು, ಪೆರ್ಲಂಪಾಡಿಯಂತಹ ಊರುಗಳ ಹೆಸರು ಕೆಡುತ್ತದೆ. ಊರಿನ ಹೆಸರು ಕೆಟ್ಟರೆ ಯಾರಾದರೂ ಗುರುತಿಸಿಯಾರು. ಸದಸ್ಯನ ಹೆಸರು ಕೆಟ್ಟು ಆಧಾರ್, ಪಹಣಿ, ಬ್ಯಾಂಕ್ ಪುಸ್ತಕಕ್ಕೆ ಹೊಂದದೆ ಹೋದರೆ ಓಡಾಟ ತಪ್ಪದು.

ಎಸೆದು ಹೊಸತು ತಂದರಾಗದೇ?

ಹೀಗೆ ಕೇಳುವವರಿದ್ದಾರೆ. ಹೊಸತು ಬೇಡವೆಂದು ನಾವು ಹೇಳುವುದಿಲ್ಲ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಪತ್ತಿನ ಸಂಘಗಳ ದಾರಿ ಅದರಿಂದ ಸ್ಪಷ್ಟವಾಗಿದೆ. ಮಾರಾಟ ಸಂಘಗಳು ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳಬೇಕು.

ಆದರೆ ಯಾವ ಹೊಸ ವ್ಯವಸ್ಥೆಗೆ ಹೋದರೂ ಸಾಮಾನ್ಯವಾಗಿ ದಾಟುವುದು ಸದಸ್ಯರ ವಿವರ ಮತ್ತು ಆರಂಭದ ಶಿಲ್ಕು. ಹಿಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳ ವ್ಯವಹಾರ ಹಳೆಯ ಕಡತಗಳಲ್ಲಿಯೇ ಉಳಿಯುತ್ತದೆ. ತೀರಿಹೋದ ತಂದೆಯ ಪಾಲು ಹಣ, ಕಟ್ಟಿ ಮುಗಿಸಿದ ಹಳೆಯ ಸಾಲ, ಅಡಮಾನ ಬಿಡುಗಡೆ ಇವುಗಳ ವಿಚಾರ ಹಿಡಿದು ಮಕ್ಕಳು ಬಂದಾಗ ಬೇಕಾಗುವುದು ಆ ಕಡತಗಳೇ. ಅಡಿಕೆ ತೋಟದಲ್ಲಿ ಹಳೆಯ ಮರ ಕಡಿಯುವ ಮೊದಲೇ ಎಡೆಸಸಿ ನೆಟ್ಟು ಬೆಳೆಸುವುದು ನಮ್ಮ ಹಿರಿಯರ ಕ್ರಮ. ಇಲ್ಲಿಯೂ ಅದೇ ಕ್ರಮ ಒಳ್ಳೆಯದು.

ಸಂಘಗಳು ಈಗಲೇ ಮಾಡಬೇಕಾದುದು

1. ಮೊದಲು ಒಂದು ಪುಟದ ವಿವರ ಬರೆದಿಡಿ. ಪ್ರೋಗ್ರಾಮು ಯಾವ ಉಪಕರಣದಲ್ಲಿ, ಎಷ್ಟನೆಯ ಆವೃತ್ತಿಯಲ್ಲಿ ಕಟ್ಟಲಾಗಿದೆ, ಬರೆದವರು ಯಾರು, ಮೂಲ ಬರಹ ಎಲ್ಲಿದೆ.

2. ಮೂಲ ಬರಹ ಸಂಘದ ಕಪಾಟಿಗೆ ಬರಲಿ. ಫಾಕ್ಸ್‌ಪ್ರೋದಲ್ಲಿ ಪಿಆರ್‌ಜಿ ಎಂಬ ಕಡತಗಳು ಮನುಷ್ಯ ಓದಬಹುದಾದ ಮೂಲ. ಇಎಕ್ಸ್‌ಇ ಎಂಬುದು ಓಡುವ ರೂಪ ಮಾತ್ರ. ನಮಗೆ ತಿಳಿದ ಒಂದು ಕಡೆ ಪ್ರೋಗ್ರಾಮು ಬರೆದ ಹುಡುಗ ಕೆಲಸಕ್ಕೆಂದು ಪರದೇಶಕ್ಕೆ ಹೋದ. ಅವನ ಮನೆಯಲ್ಲಿದ್ದ ಫ್ಲಾಪಿಗಳನ್ನು ಹುಡುಕಿ ತೆಗೆದಾಗ ಮಳೆಗಾಲದ ಬೂಷ್ಟು ಹಿಡಿದು ಒಂದೂ ಓದುವ ಸ್ಥಿತಿಯಲ್ಲಿ ಇರಲಿಲ್ಲ. ಇನ್ನು ಮುಂದೆ ಮಾಡುವ ಕರಾರಿನಲ್ಲಿ ಮೂಲ ಬರಹ ಮತ್ತು ಅದರ ಹಕ್ಕಿನ ವಿಚಾರ ಸ್ಪಷ್ಟವಾಗಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರತಕ್ಕದ್ದು, ಬಾಯಿಮಾತು ಸಾಲದು.

3. ಉಪಕರಣವನ್ನೂ ಮೂಲ ಬರಹದ ಜತೆ ಕಾಪಾಡಿ. ಅದರ ಸ್ಥಾಪನೆಯ ಸಿಡಿ, ಪರವಾನಿಗೆ, ಹಳೆಯ ಫಾಂಟು ಎಲ್ಲವೂ ಬೇಕು. ಓಡುತ್ತಿರುವ ಹಳೆಯ ಕಂಪ್ಯೂಟರಿನ ಪೂರ್ಣ ಪಡಿಯಚ್ಚು ತೆಗೆದು ಹೊಸ ಕಂಪ್ಯೂಟರಿನೊಳಗೆ 'ಕಂಪ್ಯೂಟರಿನೊಳಗಿನ ಕಂಪ್ಯೂಟರು' ಆಗಿ ಓಡಿಸಬಹುದು. ಡಾಸ್ ಪ್ರೋಗ್ರಾಮುಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಧನವೂ ಉಂಟು. ಬೆಂಬಲ ನಿಂತ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡಬೇಡಿ.

4. ಕಡತಗಳ ಪ್ರತಿ ತೆಗೆಯುವಾಗ ಡಿಬಿಎಫ್ ಒಂದನ್ನೇ ತೆಗೆದರೆ ಸಾಲದು. ಉದ್ದದ ಟಿಪ್ಪಣಿಗಳು ಎಫ್‌ಪಿಟಿ ಎಂಬ ಬೇರೆ ಕಡತದಲ್ಲಿ ಇರುತ್ತವೆ. ಅದು ಬಿಟ್ಟುಹೋದರೆ ಸಾಲದ ಷರಾ ಹೋಯಿತೆಂದೇ ಅರ್ಥ.

5. ವರ್ಷಕ್ಕೊಮ್ಮೆ, ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ, ಎಲ್ಲ ಕಡತಗಳನ್ನು ಸಾದಾ ಪಠ್ಯರೂಪಕ್ಕೆ ಇಳಿಸಿ ಎರಡು ಕಡೆ ಇಡಿ. ಡಿಬಿಎಫ್ ಕಡತಗಳನ್ನು ಲಿಬ್ರೆ ಆಫೀಸಿನಂತಹ ಉಚಿತ ಸಾಫ್ಟ್‌ವೇರಿನಲ್ಲಿಯೂ ತೆರೆಯಬಹುದು. ಒಂದು ಸೂಕ್ಷ್ಮ ನೆನಪಿರಲಿ. ಫಾಕ್ಸ್‌ಪ್ರೋದಲ್ಲಿ ಅಳಿಸಿದ ದಾಖಲೆ ಕೂಡಲೇ ಹೋಗುವುದಿಲ್ಲ. 'ಪ್ಯಾಕ್' ಆಜ್ಞೆ ಕೊಡುವ ವರೆಗೆ ಅಳಿಸಿದ ಗುರುತು ಹೊತ್ತು ಅಲ್ಲಿಯೇ ಇರುತ್ತದೆ. ಬೇರೆ ಕಡೆ ತೆರೆದಾಗ ಅದು ಮತ್ತೆ ಜೀವ ತಾಳಿ ಮೊತ್ತದಲ್ಲಿ ಸೇರುವ ಸಂಭವ ಉಂಟು. ಆದುದರಿಂದ ಇಳಿಸಿದ ಮೊತ್ತವನ್ನು ಲೆಕ್ಕಪರಿಶೋಧನೆಯಾದ ಅಢಾವೆಯೊಂದಿಗೆ ತಾಳೆ ನೋಡಲೇಬೇಕು.

6. ಹಳೆಯ ಪ್ರೋಗ್ರಾಮಿಗೆ ಹೊಸ ಕೆಲಸ ಹೊರಿಸಬೇಡಿ. ಹೊಸ ವರದಿ ಬೇಕಾದರೆ ಇಳಿಸಿದ ಕಡತದಿಂದ ಹೊರಗಡೆ ಮಾಡಿಕೊಳ್ಳಿ. ಒಳಗೆ ಕೈಹಾಕಿದಷ್ಟೂ ಅಪಾಯ ಹೆಚ್ಚು.

7. ಹೊಸ ವ್ಯವಸ್ಥೆಗೆ ಹೋಗುವಾಗ ಕನಿಷ್ಠ ಒಂದು ಅಡಿಕೆ ಋತು ಎರಡನ್ನೂ ಜತೆಯಾಗಿ ನಡೆಸಿ. ಗುಮಾಸ್ತರಿಗೆ ಕೆಲಸ ಹೆಚ್ಚಾಗುತ್ತದೆ, ನಿಜ. ಆದರೆ ಬಡ್ಡಿಯ ಲೆಕ್ಕದಲ್ಲಿ ಪೈಸೆ ಪೈಸೆಯ ವ್ಯತ್ಯಾಸ ಹೊರಬೀಳುವುದು ಆಗಲೇ.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಬೇಕಾದುದು ಆಡಳಿತ ಮಂಡಳಿಯ ಒಂದು ನಿರ್ಣಯ, ಒಂದು ಕಬ್ಬಿಣದ ಕಪಾಟು, ವರ್ಷಕ್ಕೆ ಎರಡು ದಿನದ ದುಡಿಮೆ. ಸಹಕಾರಿ ಚಳವಳಿಗೆ ಈ ನೆಲದಲ್ಲಿ ಬೇರು ಕೊಟ್ಟ ಮೊಳಹಳ್ಳಿ ಶಿವರಾಯರ ಕಾಲದಲ್ಲಿ ಲೆಕ್ಕ ಕೈಬರಹದ ಪುಸ್ತಕದಲ್ಲಿ ಇತ್ತು. ಪುಸ್ತಕ ಯಾರದೆಂಬ ಸಂಶಯ ಯಾರಿಗೂ ಇರಲಿಲ್ಲ. ಕಂಪ್ಯೂಟರಿನೊಳಗೆ ಹೋದ ಮಾತ್ರಕ್ಕೆ ಅದು ಪ್ರೋಗ್ರಾಮು ಬರೆದವರದ್ದಾಗಲೀ ಉಪಕರಣ ಮಾರಿದ ಕಂಪೆನಿಯದ್ದಾಗಲೀ ಆಗುವುದಿಲ್ಲ. ಮುಂದಿನ ಮಹಾಸಭೆಯಲ್ಲಿ ಅಡಿಕೆಯ ಧಾರಣೆ, ಡಿವಿಡೆಂಡಿನ ಚರ್ಚೆ ಮುಗಿದ ಮೇಲೆ ಸದಸ್ಯರು ಎದ್ದು ನಿಂತು ಈ ಒಂದು ಪ್ರಶ್ನೆಯನ್ನೂ ಕೇಳಬೇಕೆಂದು ನಮ್ಮ ವಿನಂತಿ: ನಮ್ಮ ಲೆಕ್ಕದ ಮೂಲ ಬರಹ ಎಲ್ಲಿದೆ?