ಸತ್ಯ ಯಾವ ಪಕ್ಷಕ್ಕೂ ಸೇರಿದ್ದಲ್ಲ: ವಿಜ್ಞಾನಿ ಹಾಲ್ಡೇನ್

"ಫಾದರ್, ಆದಿಕಾಂಡ ಸತ್ಯವೋ, ವಿಕಾಸವಾದ ಸತ್ಯವೋ?" ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಹೀಗೆ ಕೇಳಿದಾಗ ಗದರಿಸಿ ಕೂರಿಸುವುದು ಸುಲಭ. ಆದರೆ ಹಾಗೆ ಮಾಡುವ ಅಧಿಕಾರ ನಮಗಿಲ್ಲ. ಇದನ್ನು ಮನಗಾಣಿಸುವ ಜೀವನವೊಂದಿದೆ. ಅದು ದೇವರನ್ನು ನಂಬದಿದ್ದ ವಿಜ್ಞಾನಿಯೊಬ್ಬರದು.

ಜೆ.ಬಿ.ಎಸ್. ಹಾಲ್ಡೇನ್ 1892ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜನಿಸಿದರು. ಡಾರ್ವಿನ್ನರ ನಿಸರ್ಗದ ಆಯ್ಕೆಯ ತತ್ತ್ವಕ್ಕೆ ಗಣಿತದ ತಳಹದಿ ಹಾಕಿದ ಪ್ರಮುಖರಲ್ಲಿ ಅವರೊಬ್ಬರು. ಹೊಗೆಮಸಿ ಕವಿದ ಮ್ಯಾಂಚೆಸ್ಟರಿನ ಸುತ್ತ ಬಿಳಿಯ ಪತಂಗಗಳು ಕ್ಷೀಣಿಸಿ ಕಪ್ಪು ಪತಂಗಗಳು ಹೆಚ್ಚಿದ್ದವು. ಅಷ್ಟು ಬೇಗ ಈ ಬದಲಾವಣೆಯಾಗಬೇಕಾದರೆ ಕಪ್ಪು ಪತಂಗಗಳ ಸಂತತಿ ಸುಮಾರು ಒಂದೂವರೆ ಪಟ್ಟು ಉಳಿದಿರಬೇಕೆಂದು 1924ರಲ್ಲಿ ಅವರು ಲೆಕ್ಕಹಾಕಿ ತೋರಿಸಿದರು. ಈ ಲೆಕ್ಕಕ್ಕೆ ಆಧಾರ, ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡ ಗ್ರೆಗರ್ ಮೆಂಡೆಲರ ಶೋಧನೆ. ಮೆಂಡೆಲರಾದರೋ ಸಂತ ಅಗಸ್ತೀನರ ಸಭೆಯ ಗುರುಗಳು!

ಹಾಲ್ಡೇನರು ಸಮರ್ಥ ಲೇಖಕರೂ ಹೌದು. ಕಮ್ಯುನಿಸ್ಟ್ ಪತ್ರಿಕೆ 'ಡೈಲಿ ವರ್ಕರ್'ನಲ್ಲಿ ದುಡಿಯುವ ಜನರಿಗಾಗಿ ನೂರಾರು ವಿಜ್ಞಾನ ಲೇಖನಗಳನ್ನು ಬರೆದರು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಜನ ಮಡಿದಾಗ, ಕಾರಣವನ್ನು ಅರಿಯಲು ಉಸಿರುಗಟ್ಟಿಸುವ ಗಾಳಿಯ ಪ್ರಯೋಗಗಳಿಗೆ ತಮ್ಮ ದೇಹವನ್ನೇ ಒಡ್ಡಿದರು.

ಆದರೆ ಈ ಧೀರರೂ ಒಮ್ಮೆ ಎಡವಿದರು. 1948ರಲ್ಲಿ ಸೋವಿಯತ್ ಸರ್ಕಾರ ಲೈಸೆಂಕೋನ ಮಾತು ಕೇಳಿ ಮೆಂಡೆಲರ ತಳಿಶಾಸ್ತ್ರವನ್ನೇ ನಿಷೇಧಿಸಿತು. ತಾವು ಬೆಳೆಸಿದ ಶಾಸ್ತ್ರದ ಪರ ನಿಲ್ಲಬೇಕಾಗಿದ್ದ ಹಾಲ್ಡೇನರು ಪಕ್ಷನಿಷ್ಠೆಯಿಂದ ತಡವರಿಸಿದರು, ಸ್ಪಷ್ಟವಾಗಿ ಖಂಡಿಸಲಿಲ್ಲ. ಅನಂತರ ಪಕ್ಷದಿಂದ ದೂರ ಸರಿದರು.

ಅವರತ್ತ ಬೆರಳು ತೋರುವ ಮುನ್ನ ನಮ್ಮ ಮನೆಯನ್ನು ನೋಡಿಕೊಳ್ಳೋಣ. ಗೆಲಿಲಿಯೋ ವಿಷಯದಲ್ಲಿ ಧರ್ಮಸಭೆಯವರಿಂದಾದ ತಪ್ಪನ್ನು ಸಂತ ಎರಡನೆಯ ಜಾನ್ ಪಾಲರು 1992ರಲ್ಲಿ ಬಹಿರಂಗವಾಗಿ ಒಪ್ಪಿದರು. ವಿಕಾಸವಾದವು ಬರಿಯ ಊಹೆಯಲ್ಲವೆಂದು 1996ರಲ್ಲಿ ಅವರೇ ತಿಳಿಸಿದರು. ಮನುಷ್ಯನ ಆತ್ಮ ಮಾತ್ರ ದೇವರ ನೇರ ಸೃಷ್ಟಿಯೆಂಬ ಬೋಧನೆಯನ್ನೂ ಎತ್ತಿಹಿಡಿದರು.

1957ರಲ್ಲಿ ಹಾಲ್ಡೇನರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು, ಅನಂತರ ಭಾರತದ ಪ್ರಜೆಯಾದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹ ವೈದ್ಯಕೀಯ ವಿದ್ಯಾರ್ಥಿಗಳ ಅಧ್ಯಯನಕ್ಕೆ ಸಂದಿತು.

ಆ ಮಗುವಿಗೆ ನಮ್ಮ ಉತ್ತರವಿಷ್ಟು: ಸೃಷ್ಟಿಸಿದವರು ಯಾರು, ಏಕೆ ಎಂಬುದನ್ನು ಆದಿಕಾಂಡ ಹೇಳುತ್ತದೆ, ಜೀವರಾಶಿ ಹೇಗೆ ಬೆಳೆದುಬಂತೆಂಬುದನ್ನು ವಿಜ್ಞಾನ ಹುಡುಕುತ್ತದೆ. ಎರಡೂ ಸತ್ಯವನ್ನೇ ಅರಸುವುದರಿಂದ, ಪ್ರಿಯ ತಂದೆತಾಯಿಗಳೇ, ನಿಮ್ಮ ಮಕ್ಕಳು ಪ್ರಶ್ನೆ ಕೇಳಲಿ, ಅಂಜದಿರಿ.