ಮೆದುಳಿನ ಸಮಾಚಾರ ಹೇಳುವ ಮೂತ್ರಪರೀಕ್ಷೆ

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಕರೆತಂದಾಗ ಎಲ್ಲರ ಗಮನ ತಲೆಯ ಮೇಲಿರುತ್ತದೆ, ಇರಬೇಕಾದ್ದೂ ಅಲ್ಲೇ. ಸಿ.ಟಿ. ಸ್ಕ್ಯಾನ್ ಆಗಬೇಕು, ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ತಿಳಿಯಬೇಕು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದಿದ್ದರೆ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಧಾವಂತದಲ್ಲಿ ಕಿಡ್ನಿಗೆ ಸಿಗುವ ಜಾಗ ರಕ್ತಪರೀಕ್ಷೆಯ ವರದಿಯಲ್ಲಿ, ಕಿಡ್ನಿ ಎಷ್ಟು ವೇಗವಾಗಿ ಸೋಸುತ್ತಿದೆ ಎಂದು ಅಂದಾಜಿಸಲು ನೋಡುವ ಕ್ರಿಯಾಟಿನಿನ್ ಎಂಬ ಒಂದು ಸಾಲು. ಆದರೆ ರೋಗಿ ಮೂರು ತಿಂಗಳ ಬಳಿಕ ತಾನಾಗಿ ಎದ್ದು ಓಡಾಡುತ್ತಾರೋ, ಹಾಸಿಗೆ ಹಿಡಿದೇ ಉಳಿಯುತ್ತಾರೋ ಎಂಬುದರ ಬಗ್ಗೆ ಕಿಡ್ನಿಗೆ ಹೇಳಲು ಬಹಳವಿದೆ, ಮತ್ತು ಅದರಲ್ಲಿ ಮುಖ್ಯವಾದದ್ದು ಸಿಗುವುದು ಮೂತ್ರದಲ್ಲಿ. ಮೂತ್ರಕ್ಕೆ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯನ್ನು ಲಕ್ವದ ಚಿಕಿತ್ಸೆಯ ಕಾಯಂ ಭಾಗ ಮಾಡಬೇಕು. ಕಿಡ್ನಿ ಸೋತಿದೆ ಎಂದು ಗೊತ್ತಾದರೆ ಚಿಕಿತ್ಸೆಯಿಂದ ಹಿಂಜರಿಯದೆ, ಇನ್ನಷ್ಟು ಎಚ್ಚರದಿಂದ ಮುಂದುವರಿಯಬೇಕು ಎಂಬುದು ನನ್ನ ವಾದ.

ಕಿಡ್ನಿಗೂ ಮೆದುಳಿಗೂ ಎತ್ತಣ ಸಂಬಂಧ ಎನಿಸುವುದು ಸಹಜ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ, ದೇಹದ ತೂಕದಲ್ಲಿ ಶೇ. 1ರಷ್ಟೂ ಇಲ್ಲ. ಆದರೂ ಹೃದಯ ಹೊರಹಾಕುವ ರಕ್ತದ ಐದನೇ ಒಂದು ಪಾಲು ಅವಕ್ಕೆ ಹೋಗುತ್ತದೆ. ಮೆದುಳಿಗೂ ಸುಮಾರು ಶೇ. 15ರಷ್ಟು ಬೇಕು. ಮಾಂಸಖಂಡಗಳು ದುಡಿಯುವಾಗ ಹೆಚ್ಚು, ದಣಿವಾರಿಸಿಕೊಳ್ಳುವಾಗ ಕಡಿಮೆ ರಕ್ತ ಪಡೆದು ಸುಧಾರಿಸಿಕೊಂಡಾವು. ಈ ಎರಡು ಅಂಗಗಳಿಗೆ ಹಗಲೂ ರಾತ್ರಿಯೂ ರಕ್ತ ಧಾರಾಳವಾಗಿ ಹರಿಯುತ್ತಲೇ ಇರಬೇಕು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಡಯೋಶಿ ಇಟೊ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ಹೋಲಿಕೆಯತ್ತ ಗಮನ ಸೆಳೆದರು. ಕಿಡ್ನಿಯ ಒಳಪದರದ ಬಳಿಯ ಸೋಸುಗೊಂಚಲುಗಳಿಗೆ ರಕ್ತ ತರುವ ಕಿರುನಾಳಗಳೂ, ಮೆದುಳಿನ ಆಳಕ್ಕೆ ಇಳಿಯುವ ತೆಳು ನಾಳಗಳೂ ದೊಡ್ಡ ರಕ್ತನಾಳದಿಂದ ನೇರವಾಗಿ ಕವಲೊಡೆಯುತ್ತವೆ, ಉದ್ದವೂ ಕಡಿಮೆ. ಮುಖ್ಯ ಕಾಲುವೆಯ ತೂಬಿಗೆ ಅಂಟಿಕೊಂಡ ಗದ್ದೆಗೆ ನೀರು ಪೂರ್ತಿ ರಭಸದಿಂದ ನುಗ್ಗುವಂತೆ, ಈ ನಾಳಗಳ ಮೇಲೆ ರಕ್ತದ ಒತ್ತಡ ಸ್ವಲ್ಪವೂ ತಗ್ಗದೆ ಬೀಳುತ್ತದೆ. ಉಪ್ಪು ಅಪರೂಪವಾಗಿದ್ದ, ಗಾಯಗೊಂಡು ರಕ್ತ ಕಳೆದುಕೊಳ್ಳುವ ಭಯ ಸದಾ ಇದ್ದ ಕಾಲದಲ್ಲಿ ಈ ರಚನೆ ಜೀವ ಉಳಿಸಿರಬೇಕು, ಒತ್ತಡ ಕುಸಿದರೂ ಮುಖ್ಯ ಅಂಗಗಳಿಗೆ ರಕ್ತ ತಲುಪುತ್ತಿತ್ತು. ಬಿಪಿ ವರ್ಷಗಟ್ಟಲೆ ಏರಿಯೇ ಇರುವ ಇಂದಿನ ದೇಹದಲ್ಲಿ ಮೊದಲು ಹಾಳಾಗುವುದೂ ಇದೇ ನಾಳಗಳು. ಮೆದುಳಿನ ಆಳದಲ್ಲಿ ಅವು ಕಟ್ಟಿಕೊಂಡರೆ ಒಂದು ಬಗೆಯ ಲಕ್ವ, ಒಡೆದರೆ ಇನ್ನೊಂದು ಬಗೆಯದು. ಕಿಡ್ನಿಯಲ್ಲಿ ಹಾಳಾದರೆ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿಯೂ 30 ಮಿಲಿಗ್ರಾಂ ಆಲ್ಬುಮಿನ್ ಕೂಡ ಹೊರಬಿಡದ ಜರಡಿ ಅದು. ಅಲ್ಲಿ ಸೋರಿಕೆ ಕಂಡರೆ ಅದೇ ಬಗೆಯ ಪೆಟ್ಟು ಮೆದುಳಿನಲ್ಲೂ ಬಿದ್ದಿರಬಹುದೆಂದು ಶಂಕಿಸುವುದು ನ್ಯಾಯ.

ಶಂಕೆಯನ್ನು ರೋಗಿಗಳಲ್ಲಿ ಪರೀಕ್ಷಿಸಿಯೂ ನೋಡಲಾಗಿದೆ. ಕಿಡ್ನಿಗಳ ಸೋಸುವ ವೇಗ ನಿಮಿಷಕ್ಕೆ 60 ಮಿ.ಲೀ.ಗಿಂತ ಕೆಳಗಿಳಿದವರಿಗೆ ಲಕ್ವದ ಅಪಾಯ ಉಳಿದವರಿಗಿಂತ ಶೇ. 43ರಷ್ಟು ಹೆಚ್ಚು ಎಂದು, 2,80,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2010ರಲ್ಲಿ ಹೇಳಿತು. ಅದು ಲಕ್ವ ಬರುವ ಮುಂಚಿನ ಲೆಕ್ಕ. ಬಂದ ಮೇಲಿನ ಲೆಕ್ಕ ಸಿಗುವುದು ಜಪಾನಿನ ಫುಕುವೋಕಾದ ಲಕ್ವ ನೋಂದಣಿಯಲ್ಲಿ. ಮೊದಲ ಬಾರಿ ಲಕ್ವಕ್ಕೆ ತುತ್ತಾದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂತ್ರದಲ್ಲಿ ಪ್ರೋಟೀನ್ ಇದ್ದವರ ಸ್ಥಿತಿ ಆಸ್ಪತ್ರೆಯಲ್ಲೇ ಬಿಗಡಾಯಿಸುವುದು, ಸಾವು, ಕೈಕಾಲು ಸ್ವಾಧೀನಕ್ಕೆ ಬಾರದೆ ಉಳಿಯುವುದು ಎಲ್ಲವೂ ಹೆಚ್ಚು. ಪ್ರೋಟೀನ್ ಹೆಚ್ಚಿದಷ್ಟೂ ಫಲಿತಾಂಶ ಕೆಟ್ಟದ್ದು. ಸೋಸುವ ವೇಗಕ್ಕೂ ಫಲಿತಾಂಶಕ್ಕೂ ಇಷ್ಟು ಸ್ಪಷ್ಟ ನಂಟು ಕಾಣಲಿಲ್ಲ. ವಾರ್ಡುಗಳಲ್ಲಿ ನಾವು ತಪ್ಪದೆ ನೋಡುವ ಸಂಖ್ಯೆಗಿಂತ, ನೋಡದೆ ಬಿಡುವ ಪರೀಕ್ಷೆಯೇ ಹೆಚ್ಚು ಹೇಳಿತು ಎಂದಾಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಬಿಪಿ, ಸಕ್ಕರೆ ಕಾಯಿಲೆ, ವಯಸ್ಸು ಇವೇ ಕಿಡ್ನಿಯನ್ನೂ ಮೆದುಳನ್ನೂ ಕೆಡಿಸುತ್ತಿರುವಾಗ ಕಿಡ್ನಿಯನ್ನು ಬೇರೆಯಾಗಿ ಎಣಿಸುವುದೇಕೆ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಲೇಬೇಕು. ಆಕ್ಸ್‌ಫರ್ಡಿನ ಸಂಶೋಧಕರು ಹಳೆಯ ಅಧ್ಯಯನಗಳನ್ನು ಮತ್ತೆ ಜಾಲಾಡಿ 2019ರಲ್ಲಿ ತೋರಿಸಿದಂತೆ, ಒಂದು ದಿನದ ಬಿಪಿಯ ಬದಲು ದೀರ್ಘಕಾಲದ ಬಿಪಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸೋಸುವ ವೇಗಕ್ಕೂ ಲಕ್ವಕ್ಕೂ ಇರುವ ನಂಟು ಬಹಳ ಸಡಿಲವಾಗುತ್ತದೆ. ಪ್ರೋಟೀನ್ ಸೋರಿಕೆಯ ನಂಟು ಮಾತ್ರ ಇಂಥ ಹೊಂದಾಣಿಕೆಗಳ ಬಳಿಕವೂ ಉಳಿದುಕೊಳ್ಳುತ್ತದೆ ಎಂದು ಅದೇ ತಂಡ ಮರುವರ್ಷ ಹೇಳಿತು. ಸೋರಿಕೆಯೇ ಮೆದುಳಿಗೆ ಹಾನಿ ಮಾಡುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಅದು ಬರಿಯ ಗುರುತೇ ಇರಲಿ. ಒಮ್ಮೆ ಅಳೆದ ಬಿಪಿ ಆ ಕ್ಷಣದ್ದು. ಮೂತ್ರದ ಪ್ರೋಟೀನ್ ಇಷ್ಟು ವರ್ಷ ಕಿರುನಾಳಗಳು ಅನುಭವಿಸಿದ್ದರ ದಾಖಲೆ. ವೈದ್ಯರಿಗೆ ಬೇಕಿರುವುದು ಅಂಥ ದಾಖಲೆಯೇ.

ಪರೀಕ್ಷೆಯಾದರೂ ಎಷ್ಟು ಸರಳ! ಬೆರಳಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಹಳದಿ ಚೌಕ. ಮೂತ್ರದಲ್ಲಿ ಅದ್ದಿ ತೆಗೆದು ಸುಮಾರು ಒಂದು ನಿಮಿಷ ಕಾದರೆ, ಆಲ್ಬುಮಿನ್ ಇದ್ದಲ್ಲಿ ಚೌಕ ಹಸಿರಿಗೆ ತಿರುಗುತ್ತದೆ. ಹೆಚ್ಚಿದ್ದಷ್ಟೂ ಹಸಿರು ಗಾಢ. ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ಒಂದು ಪ್ಲಸ್, ಎರಡು ಪ್ಲಸ್ ಎಂದು ಬರೆದುಕೊಂಡರೆ ಆಯಿತು. ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಹೇಗೂ ಮಾಡುವ ಪರೀಕ್ಷೆಯಿದು. ಜ್ವರ, ಮೂತ್ರದ ಸೋಂಕು, ಲಕ್ವದ ಆಘಾತ ಇವುಗಳಿಂದಲೂ ನಾಲ್ಕು ದಿನ ಪ್ರೋಟೀನ್ ಕಾಣಿಸಬಹುದಲ್ಲ ಎಂದು ಕೇಳಬಹುದು. ಹೌದು, ಕಾಣಿಸಬಹುದು. ಅದಕ್ಕೇ ಮೂರು ತಿಂಗಳ ಬಳಿಕ ಮತ್ತೊಮ್ಮೆ, ಈ ಬಾರಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತವನ್ನು ಪ್ರಯೋಗಾಲಯದಲ್ಲಿ ಅಳೆಯಿಸಬೇಕು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಬಿಪಿ ಇರುವವರು 31 ಕೋಟಿಗೂ ಹೆಚ್ಚು. ಇವರೆಲ್ಲರ ಮೆದುಳಿಗೆ ಎಂ.ಆರ್.ಐ. ಮಾಡಿಸಲಾಗದು. ಮೂತ್ರ ನೋಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಇನ್ನು ಚಿಕಿತ್ಸೆಯ ಮಾತು. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಮೆದುಳಿನಲ್ಲಿ ಸೂಕ್ಷ್ಮ ರಕ್ತಸ್ರಾವದ ಕಲೆಗಳೂ ಹೆಚ್ಚು. ಹೀಗಿರುವಾಗ ಹೆಪ್ಪು ಕರಗಿಸುವ ಮದ್ದು ಕೊಡುವುದು ಅಪಾಯವಲ್ಲವೇ ಎಂಬ ಹೆದರಿಕೆ ವೈದ್ಯರಲ್ಲೂ ಇದೆ. ಅಮೆರಿಕದ ಆಸ್ಪತ್ರೆಗಳ ದೊಡ್ಡ ನೋಂದಣಿಯೊಂದರ 2014ರ ವಿಶ್ಲೇಷಣೆ ಈ ಹೆದರಿಕೆಯನ್ನು ಬಹುಮಟ್ಟಿಗೆ ಕಳೆಯುತ್ತದೆ. ವಯಸ್ಸು, ಇತರ ಕಾಯಿಲೆಗಳ ವ್ಯತ್ಯಾಸವನ್ನು ಸರಿಹೊಂದಿಸಿದ ಮೇಲೆ, ಮದ್ದು ಪಡೆದ ಕಿಡ್ನಿ ರೋಗಿಗಳಲ್ಲಿ ಮೆದುಳಿನ ಗಂಭೀರ ರಕ್ತಸ್ರಾವ ಉಳಿದವರಿಗಿಂತ ಹೆಚ್ಚಿರಲಿಲ್ಲ. ಸಾವು ಮತ್ತು ಅಂಗವೈಕಲ್ಯ ಹೆಚ್ಚಿದ್ದವು ನಿಜ, ಆದರೆ ಅದಕ್ಕೆ ಆ ರಕ್ತಸ್ರಾವ ಕಾರಣವೆನ್ನುವಂತಿಲ್ಲ. ಡಯಾಲಿಸಿಸ್ ಮೇಲಿರುವವರಿಗೂ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದ್ದರೆ ಈ ಮದ್ದು ಕೊಡಬಹುದೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಕಿಡ್ನಿ ಕಾಯಿಲೆಯ ಹಿನ್ನೆಲೆ ಇಲ್ಲದವರಿಗೆ ರಕ್ತನಾಳಗಳ ಸ್ಕ್ಯಾನ್ ಮಾಡಲು ಕ್ರಿಯಾಟಿನಿನ್ ವರದಿಗಾಗಿ ಕಾಯುವುದೂ ಬೇಡ.

ಎಚ್ಚರ ಬೇಕಿರುವುದು ಮನೆಗೆ ಕಳಿಸಿದ ನಂತರ, ಮತ್ತು ನಮ್ಮ ವ್ಯವಸ್ಥೆ ಕೈಬಿಡುವುದೂ ಅಲ್ಲೇ. ಹೃದಯಬಡಿತ ಲಯ ತಪ್ಪಿ ಲಕ್ವ ಬಂದವರಿಗೆ ಕೊಡುವ ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಡಾಬಿಗಾಟ್ರಾನ್ ಶೇ. 80ರಷ್ಟು ಕಿಡ್ನಿಯ ಮೂಲಕವೇ ಹೊರಹೋಗುತ್ತದೆ, ಅಪಿಕ್ಸಬಾನ್ ಕಾಲುಭಾಗದಷ್ಟು ಮಾತ್ರ. ಕಿಡ್ನಿ ಹೇಗಿದೆಯೆಂದು ನೋಡದೆ ಇವುಗಳ ನಡುವೆ ಆಯ್ಕೆ ಮಾಡುವಂತಿಲ್ಲ. ಪ್ರೋಟೀನ್ ಸೋರುವವರಿಗೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಬಿಪಿ ಇಳಿಸುವುದರ ಜೊತೆಗೆ ಸೋರಿಕೆಯನ್ನೂ ತಗ್ಗಿಸುತ್ತವೆ. ಶುರುವಿನಲ್ಲಿ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೂ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಚಿಕಿತ್ಸೆ ಕಿಡ್ನಿ ರೋಗಿಗಳಿಗೆ ಪ್ರಯೋಜನವಿಲ್ಲ ಎಂದು ಕೈಬಿಡುವವರು 2011ರ ಶಾರ್ಪ್ ಪ್ರಯೋಗವನ್ನು ನೋಡಬೇಕು: 9,000ಕ್ಕೂ ಹೆಚ್ಚು ಕಿಡ್ನಿ ರೋಗಿಗಳಲ್ಲಿ ರಕ್ತಸ್ರಾವದ್ದಲ್ಲದ ಲಕ್ವ ಕಾಲುಭಾಗದಷ್ಟು ಕಡಿಮೆಯಾಯಿತು. ಡಯಾಲಿಸಿಸ್ ಹಂತ ಮುಟ್ಟಿದವರ ಮೇಲೆ ನಡೆದ ಬೇರೆರಡು ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಿಂದ ಸ್ಪಷ್ಟ ಲಾಭ ಕಾಣದಿದ್ದುದರಿಂದ, ಬೇಗ ಶುರುಮಾಡುವುದೇ ಮೇಲು. ಮನೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಭುಜದ ನೋವಿನದು. ಲಕ್ವವಾದ ಕೈಯ ಭುಜ ನೋಯುವುದು ಬಹಳ ಸಾಮಾನ್ಯ, ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ತಿಂಗಳುಗಟ್ಟಲೆ ನುಂಗಿಸುವುದೂ ಅಷ್ಟೇ ಸಾಮಾನ್ಯ. ಇವು ಬಿಪಿ ಏರಿಸುತ್ತವೆ, ಬಳಲಿದ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ಮೂತ್ರದ ಪ್ರೋಟೀನ್ ಎಷ್ಟಿತ್ತು, ಮರುಪರೀಕ್ಷೆ ಯಾವಾಗ, ಯಾವ ನೋವಿನ ಮಾತ್ರೆ ಬೇಡ ಎಂಬ ಮೂರು ವಿಷಯ ಬರೆಯಲು ಡಾಕ್ಟರಿಗೆ ಎರಡು ನಿಮಿಷ ಸಾಕು. ಬರೆದಿರದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಬಹುದು.