ಸೊಂಟಕ್ಕೆ ಕಟ್ಟಿಕೊಂಡ ಮಗ್ಗ

ಸಾಂತೊ ದೊಮಿಂಗೊ ಚರ್ಚಿನ ಮುಂದೆ ದಿನವೂ ಸಂತೆ. ಬೆಟ್ಟದ ಚಳಿಗೆ ಶಾಲು ಹೊದ್ದ ಹೆಂಗಸರು ಬಟ್ಟೆ ಹರವಿಕೊಂಡು ಕೂತಿರುತ್ತಾರೆ. ದಕ್ಷಿಣ ಮೆಕ್ಸಿಕೊದ ಚಿಯಾಪಸ್ ರಾಜ್ಯದಲ್ಲಿ, 2,100 ಮೀಟರಿಗೂ ಎತ್ತರದಲ್ಲಿರುವ ಈ ಊರು ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್. 1528ರಲ್ಲಿ ಸ್ಪೇನಿನವರು ಕಟ್ಟಿದ್ದು. ಸುತ್ತಲಿನ ಹಳ್ಳಿಗಳಲ್ಲಿರುವವರು ತ್ಸೋತ್ಸಿಲ್, ತ್ಸೆಲ್ತಾಲ್ ಮಾತಾಡುವ ಮಾಯಾ ಜನ. ಬಂದವರೆಲ್ಲ ಹಳದಿ ಕೆಥೆಡ್ರಲ್ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ನೋಡಬೇಕಾದ್ದು ಬಟ್ಟೆ.

ಇಲ್ಲಿನ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಒಂದಷ್ಟು ಕೋಲು, ಒಂದಷ್ಟು ಹಗ್ಗ. ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದು. ಒಂದು ತುದಿ ಮರಕ್ಕೋ ಕಂಬಕ್ಕೋ ಕಟ್ಟಿರುತ್ತದೆ, ಇನ್ನೊಂದು ತುದಿಯ ಪಟ್ಟಿ ನೇಯುವವಳ ಸೊಂಟವನ್ನು ಬಳಸಿರುತ್ತದೆ. ಆಕೆ ಹಿಂದಕ್ಕೆ ವಾಲಿದರೆ ಹಾಸು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಹೊಕ್ಕಿನ ಎಳೆ ತೂರಿಸಿ ಕತ್ತಿಯಂಥ ಮರದ ಹಲಗೆಯಿಂದ ಬಡಿಯುತ್ತಾಳೆ. ನಡುನಡುವೆ ಬಣ್ಣದ ಎಳೆಗಳನ್ನು ಎಣಿಸಿ ಎಣಿಸಿ ಬೆರಳಲ್ಲೇ ಸೇರಿಸುತ್ತಾಳೆ. ಜಗತ್ತನ್ನು ಸೂಚಿಸುವ ವಜ್ರಾಕೃತಿ, ಮಳೆಯ ನಂಟಿರುವ ಕಪ್ಪೆ ಹೀಗೆ ಮೂಡುತ್ತವೆ. ಕಂಡವರು ಕಸೂತಿ ಅಂದುಕೊಳ್ಳುತ್ತಾರೆ. ಅಲ್ಲ, ನೇಯುವಾಗಲೇ ಹುಟ್ಟಿದ್ದು. ಎದುರಿಗೆ ನಕ್ಷೆಯ ಕಾಗದವೂ ಇಲ್ಲ. ವೀಪಿಲ್ ಎಂಬ ಮೇಲಂಗಿ, ಅದರಲ್ಲೂ ಹಬ್ಬದ್ದಾದರೆ, ಮುಗಿಯಲು ತಿಂಗಳುಗಳೇ ಬೇಕು.

ಹಳ್ಳಿ ಬದಲಾದರೆ ಉಡುಪೂ ಬೇರೆ. ಚಾಮುಲಾದಲ್ಲಿ ಕುರಿ ಸಾಕುವುದು ಹೆಂಗಸರ ಪಾಲಿನ ಕೆಲಸ. ಉಣ್ಣೆಯಿಂದ ಜೂಲುಜೂಲಾದ ಕಪ್ಪು ಲಂಗ ನೇಯುತ್ತಾರೆ, ಆದರೆ ಕುರಿಯ ಮಾಂಸ ತಿನ್ನುವುದಿಲ್ಲ. ಪಕ್ಕದ ಸಿನಾಕಾಂತಾನಿನವರು ಹೂವಿನ ಬೆಳೆಗಾರರು. ಶಾಲಿನ ತುಂಬ ಹೂವೇ. ಅಲ್ಲೀಗ ಹೊಲಿಗೆ ಯಂತ್ರದ ಕಸೂತಿಯೂ ಬಂದಿದೆ.

1970ರ ದಶಕದಲ್ಲಿ ಈ ಕಸುಬಿಗೆ ಒಂದು ಸಹಕಾರ ಸಂಘ ಹುಟ್ಟಿತು: ಸ್ನಾ ಹೊಲೊಬಿಲ್, ಅಂದರೆ ತ್ಸೋತ್ಸಿಲ್‌ನಲ್ಲಿ ನೇಯ್ಗೆಯ ಮನೆ. ಜೊತೆಗೆ ನಿಂತವರು ಅಮೆರಿಕದ ವಾಲ್ಟರ್ ಮಾರಿಸ್. ಮರೆತುಹೋಗಿದ್ದ ವಿನ್ಯಾಸಗಳು ಮತ್ತೆ ಸಿಕ್ಕ ಜಾಗ ಸೋಜಿಗದ್ದು: ಚರ್ಚುಗಳಲ್ಲಿ ಸಂತರ ಮೂರ್ತಿಗಳಿಗೆ ಉಡಿಸಿದ್ದ ಹಳೆಯ ವೀಪಿಲ್‌ಗಳು. ಸಾಂತೊ ದೊಮಿಂಗೊದ ಹಳೆಯ ಮಠದಲ್ಲೇ ಸಂಘದ ಮಳಿಗೆಯಿದೆ, ಜವಳಿ ಸಂಗ್ರಹಾಲಯವೂ ಇದೆ.

ಹೊರಗಿನ ಸಂತೆಯಲ್ಲಿ ಯಂತ್ರದ ನಕಲುಗಳೂ ಬೆರೆತಿರುತ್ತವೆ. ಕೊಳ್ಳುವ ಮುನ್ನ ಬಟ್ಟೆಯ ಅಂಚು ನೋಡಬೇಕು. ಸೊಂಟದ ಮಗ್ಗದಿಂದ ಇಳಿದ ತುಂಡಿಗೆ ನಾಲ್ಕೂ ಕಡೆ ನೇಯ್ದ ಅಂಚು, ಎಲ್ಲೂ ಕತ್ತರಿ ಬಿದ್ದಿರುವುದಿಲ್ಲ. ಕೊನೆಯ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಹಾಸು ಎಷ್ಟು ಬಿಗಿಯಾಗುತ್ತದೆಂದರೆ ಹಲಗೆಯೇ ತೂರುವುದಿಲ್ಲ. ಸಣ್ಣ ಕಡ್ಡಿ ಹಿಡಿದು ಒಂದೊಂದೇ ಎಳೆ ದಾಟಿಸಬೇಕು.